ರಾಗಿ ಕುಯ್ಲಿಗೆ ಮುಂಚೆ ಇಬ್ಬನಿ ನೋಡಿ



ವಿಶಾಖೆ ಕಳೆದು ಅನೂರಾಧ ಕಾಲಿಟ್ಟಿತೆಂದರೆ ಕೋಲಾರ, ತುಮಕೂರು, ಬೆಂಗಳೂರು ಸುತ್ತಿನ ಹೊಲಗಳಲ್ಲಿ ರಾಗಿ ತೆನೆ ಮಾಗಿ ಬಾಗಿರುತ್ತದೆ. ಆಳು ಸಿಕ್ಕ ದಿನ ಕುಯ್ಯಿಸಿಬಿಡುವುದು ನಮ್ಮ ರೂಢಿ. 2021ರ ನವೆಂಬರಿನಲ್ಲಿ ಕುಯ್ದು ಹಾಕಿದ ಅರಿಯ ಮೇಲೆ ಮಳೆ ಹಿಡಿದು ತೆನೆಯಲ್ಲೇ ಮೊಳಕೆ ಬಂದದ್ದನ್ನು ತಾವು ಮರೆತಿರಲಾರಿರಿ. ಹುಲ್ಲು ಕಪ್ಪಾಯಿತು, ದನ ಮೂಸಲಿಲ್ಲ. ಆ ಸಲ ಆತುರಪಟ್ಟವರಲ್ಲಿ ನಾನೂ ಒಬ್ಬ.

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ತಮಿಳುನಾಡು, ಆಂಧ್ರದ ಕರಾವಳಿಯತ್ತ ಸರಿದಾಗ ಅದರ ಮೋಡ ನಮ್ಮ ಮೇಲೂ ಹಾಯುತ್ತದೆ. ಈ ಮಳೆಯ ಸುಳಿವು ಎಷ್ಟೋ ಸಲ ನಮ್ಮ ಅಂಗಳದಲ್ಲೇ ಸಿಗುತ್ತದೆ.

ಮೂಡಗಾಳಿ ಬೀಸಿತು, ಮಳೆ ಬಂತು ಅಂತೀರಿ ಕೆಲವರು. ಅದನ್ನು ನಂಬಬೇಡಿ; ಈ ಕಾಲದಲ್ಲಿ ಅದು ದಿನವೂ ಬೀಸುವ ಗಾಳಿಯೇ. ನೋಡಬೇಕಾದದ್ದು ಬೆಳಗಿನ ಚಳಿ ಮತ್ತು ಇಬ್ಬನಿ. ಆಕಾಶ ತಿಳಿಯಾಗಿ ಗಾಳಿ ಅಡಗಿದ್ದರೆ ನೆಲದ ಕಾವು ರಾತ್ರಿಯೆಲ್ಲ ಮೇಲಕ್ಕೆ ಹೋಗುತ್ತದೆ. ನೆಲ ತಣ್ಣಗಾಗಿ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದೆ. ಮೋಡ ಕವಿದರೆ ಕಂಬಳಿ ಹೊದಿಸಿದ ಹಾಗೆ. ಕಾವು ಇಲ್ಲೇ ನಿಲ್ಲುತ್ತದೆ. ವಾರವಿಡೀ ಅವರೆ ಗಿಡ ತೊಯ್ಯುವಷ್ಟು ಇಬ್ಬನಿ ಬಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಎಲೆ ಒಣಗಿದ್ದರೆ, ಬೆಳಗ್ಗೆ ಚಳಿಯೂ ಇಳಿದಿದ್ದರೆ, ಮೂಡಲ ಕಡೆ ಎತ್ತರದಲ್ಲಿ ತೆಳು ಮೋಡ ಹರಡಿ ದಪ್ಪವಾಗುತ್ತ ಬಂದರೆ, ಅವತ್ತು ಕುಡುಗೋಲು ಮಸೆಯಬೇಡಿ. ರಾತ್ರಿ ಗಾಳಿ ಜೋರಾಗಿದ್ದರೂ ಇಬ್ಬನಿ ಬೀಳದು; ಆದ್ದರಿಂದ ಒಂದೇ ಗುರುತು ಹಿಡಿದು ಕೂರಬಾರದು. (ಅವರೆಕಾಯಿಗೆ ಸೊಗಡು ತರುವ ಇಬ್ಬನಿ ರಾಗಿಗೂ ಇಷ್ಟು ಸುದ್ದಿ ಹೇಳುತ್ತದೆ!)

ಮಕ್ಕಳ ಹಳೆಯ ನೋಟುಬುಕ್ಕು ಒಂದು ಸಾಕು. ಸೂರ್ಯ ಹುಟ್ಟುವ ಹೊತ್ತಿಗೆ ಚಳಿ, ಇಬ್ಬನಿ, ಗಾಳಿ, ಮೋಡ, ಇಷ್ಟನ್ನು ದಿನಕ್ಕೆ ಒಂದು ಸಾಲು ಬರೆಯಿರಿ. ಉಷ್ಣಮಾಪಕ ಇದ್ದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಎದೆಯೆತ್ತರಕ್ಕೆ ತೂಗುಹಾಕಿ, ಗೋಡೆಗೆ ಒರಗಿಸಬೇಡಿ. ಆಕಾಶವಾಣಿಯ ಹವಾಮಾನ ವರದಿ ಕೇಳಿ ಅದೇ ಸಾಲಿನ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ವರದಿ ಇಡೀ ಜಿಲ್ಲೆಗೆ ಹೇಳುತ್ತದೆ. ನಿಮ್ಮ ಹೊಲ ಹಳ್ಳದಲ್ಲಿದ್ದರೆ ಚಳಿ ಹೆಚ್ಚು, ದಿಬ್ಬದಲ್ಲಿದ್ದರೆ ಕಡಮೆ. ನಾಲ್ಕು ವರ್ಷದ ಪುಸ್ತಕ ಕೂಡಿದರೆ ಆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಕುಯ್ದಾದ ಮೇಲೆ ಮೋಡ ಕಂಡರೆ? ಒಣಗಿದ ಅರಿಯನ್ನು ಕೂಡಲೇ ಕಟ್ಟಿ, ತೆನೆ ಒಳಮುಖ ಮಾಡಿ ಎತ್ತರದ ಜಾಗದಲ್ಲಿ ಮೆದೆ ಒಟ್ಟಿ, ಮೇಲೆ ಟಾರ್ಪಾಲು ಹೊದಿಸಿ. ಹಸಿ ಅರಿಯನ್ನು ಮಾತ್ರ ಒಟ್ಟಬೇಡಿ, ಒಳಗೇ ಬೆಂದುಹೋದೀತು.