ಆಸ್ಪತ್ರೆಯಲ್ಲಿ ಅಂಟುವ ರೋಗ

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಯಿತು. ಐದನೆಯ ದಿನ ಮನೆಗೆ ಹೋಗಬಹುದೆಂದಿದ್ದರು. ನಾಲ್ಕನೆಯ ದಿನ ಗಾಯ ಕೆಂಪೇರಿ ಕೀವು ಕಟ್ಟಿತು. ಕೀವಿನ ಪರೀಕ್ಷೆಯಾಗಿ ಬಂದ ಕಾಗದದಲ್ಲಿ ಹತ್ತು ಹನ್ನೆರಡು ಔಷಧಗಳ ಹೆಸರು, ಒಂದೊಂದರ ಮುಂದೆಯೂ ಒಂದು ಅಕ್ಷರ. ಬಹುಪಾಲು 'ಆರ್'.

"ಹಾಗೆಂದರೇನು, ಡಾಕ್ಟರೇ?" ಎಂದು ಕೇಳಿದೆ.

"ಆ ಔಷಧಕ್ಕೆ ಈ ಜೀವಾಣು ಜಗ್ಗುವುದಿಲ್ಲ ಎಂದರ್ಥ, ಮೇಷ್ಟ್ರೇ."

ಜೀವಾಣುವಿನ ಹೆಸರು ಸ್ಟೆಫಿಲೊಕಾಕಸ್. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲಿನಂತೆ ಕಾಣುವ ಈ ಜೀವಿ, ಆರೋಗ್ಯವಂತರಲ್ಲಿಯೂ ಸುಮಾರು ಮೂವರಲ್ಲೊಬ್ಬರ ಮೂಗಿನಲ್ಲಿ ತೆಪ್ಪಗೆ ಬಾಳಿಕೊಂಡಿರುತ್ತದೆ. 1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಕಂಡದ್ದು, ಬೂಷ್ಟಿನ ಸುತ್ತ ಅಳಿದುಹೋಗಿದ್ದ ಇದೇ ಜೀವಾಣುವನ್ನು. ಪೆನಿಸಿಲಿನ್ ಹುಟ್ಟಿದ್ದು ಹೀಗೆ. 1945ರಲ್ಲಿ ನೊಬೆಲ್ ಭಾಷಣ ಮಾಡುತ್ತ ಅವರೇ ಎಚ್ಚರಿಸಿದರು: ಅರೆಬರೆ ಪ್ರಮಾಣದಲ್ಲಿ ಸೇವಿಸಿದರೆ ಔಷಧಕ್ಕೆ ಬಗ್ಗದ ಜೀವಾಣುಗಳನ್ನು ನಾವೇ ಬೆಳೆಸಿದಂತಾಗುತ್ತದೆ, ಎಂದು. ಮೂರೇ ವರ್ಷಗಳಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೇರಿ ಬಾರ್ಬರ್ ಪರೀಕ್ಷಿಸಿದ ಸ್ಟೆಫಿಲೊಕಾಕಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್ನಿಗೆ ಮಣಿಯದಾಗಿದ್ದವು. 1959ರಲ್ಲಿ ಮೆಥಿಸಿಲಿನ್ ಬಂತು; 1961ರಲ್ಲಿಯೇ ಅದನ್ನೂ ಮೀರಿದ ಜೀವಾಣು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಿತು.

ಔಷಧವು ಜೀವಾಣುವಿಗೆ ಹೊಸ ವಿದ್ಯೆ ಕಲಿಸುತ್ತದೆಂದು ಹಲವರ ಭಾವನೆ. ಹಾಗಲ್ಲ. ಕೋಟಿಗಳ ನಡುವೆ ಎಲ್ಲೋ ಕೆಲವಕ್ಕೆ ಆಕಸ್ಮಿಕವಾಗಿ ತಾಳಿಕೆಯ ಗುಣವಿರುತ್ತದೆ. ಉಳಿದವೆಲ್ಲ ಸತ್ತ ಮೇಲೆ ಗದ್ದೆಯೆಲ್ಲ ಅವುಗಳದೇ. ಅನುಕೂಲವಿದ್ದರೆ ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುವ ಸಂತಾನ! ಸಾಲದ್ದಕ್ಕೆ, ಪ್ಲಾಸ್ಮಿಡ್ ಎಂಬ ಪುಟ್ಟ ವಂಶವಾಹಿ ಉಂಗುರವನ್ನು ನೆರೆಯ ಜೀವಾಣುವಿಗೆ, ಕೆಲವೊಮ್ಮೆ ಬೇರೆ ಜಾತಿಯದಕ್ಕೂ, ದಾಟಿಸಬಲ್ಲವು. ನಮ್ಮಲ್ಲಿ ನೆರೆಮನೆಗೆ ಹೆಪ್ಪು ಕೊಡುವುದಿಲ್ಲವೇ, ಹಾಗೆ.

ಇದಕ್ಕೆ ಆಸ್ಪತ್ರೆಯಷ್ಟು ಹದವಾದ ನೆಲ ಬೇರೆಯಿಲ್ಲ. ಔಷಧದ ಬಳಕೆ ಅಲ್ಲಿ ಎಡೆಬಿಡದೆ ನಡೆದಿರುತ್ತದೆ, ದೇಹಗಳು ಬಳಲಿರುತ್ತವೆ, ಗಾಯ, ಮೂತ್ರನಾಳದ ಕೊಳವೆ, ರಕ್ತನಾಳದ ಸೂಜಿ ಇವು ಒಳಕ್ಕೆ ದಾರಿ ತೆರೆದಿರುತ್ತವೆ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಒಯ್ಯುವ ವಾಹನವೆಂದರೆ ಬಹುಮಟ್ಟಿಗೆ ಮನುಷ್ಯರ ಕೈ. 1847ರಲ್ಲಿಯೇ ವಿಯೆನ್ನಾದ ಸೆಮ್ಮೆಲ್‌ವೈಸ್, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ್ದರು. ವೈದ್ಯರ ಕೈಯೂ ಕೊಳೆಯೇ ಎಂದು ಸಮಕಾಲೀನರಲ್ಲಿ ಅನೇಕರು ಮುನಿದರಂತೆ. ವಿದ್ಯಾವಂತರ ಮುನಿಸು ದೊಡ್ಡದು.

ಈಗ ನನ್ನದೊಂದು ತಪ್ಪೊಪ್ಪಿಗೆ. ಶಸ್ತ್ರಚಿಕಿತ್ಸೆಗೆ ತಿಂಗಳಿಗೆ ಮುಂಚೆ ಅಣ್ಣನವರಿಗೆ ಜ್ವರ ಬಂದಿತ್ತು. ನನ್ನ ಮೇಜಿನಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಗುಳಿಗೆಗಳನ್ನು ನಾನೇ ಕೊಟ್ಟಿದ್ದೆ. ಎರಡು ದಿನ ನುಂಗಿ ಬಿಟ್ಟರು. ಅದು ವೈರಸ್ಸಿನ ಜ್ವರವಾಗಿದ್ದರೆ ಗುಳಿಗೆಯಿಂದ ಕಾಸಿನ ಪ್ರಯೋಜನವಿಲ್ಲ. ಇಂಥ ಹಲವು ಔಷಧಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರನ್ನು ಬರೆದಿಡಬೇಕೆಂಬ ಎಚ್-1 ನಿಯಮ 2014ರಲ್ಲಿ ಜಾರಿಗೆ ಬಂದಿದೆ, ನಿಜ. ಮನೆಯ ಮೇಜಿಗೆ ಯಾವ ನಿಯಮ? ಗಾಯದ ಸೋಂಕು ಅದರಿಂದಲೇ ಬಂದಿತೆಂದು ಹೇಳಲಾರೆ. ಆದರೆ "ಇತ್ತೀಚೆಗೆ ಏನಾದರೂ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೇ?" ಎಂದು ಡಾಕ್ಟರು ಕೇಳಿದಾಗ ನಾನು ಸುಮ್ಮನಿದ್ದೆ. ಅಣ್ಣನವರು ನನ್ನ ಮುಖ ನೋಡಿ ತಾವೂ ಸುಮ್ಮನಾದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಡಾಕ್ಟರು ಬಂದೊಡನೆ ಎಲ್ಲವನ್ನೂ ಹೇಳಿದೆ. ಅವರು ಗದರಲಿಲ್ಲ. ಕೇಸ್ ಶೀಟಿನಲ್ಲಿ ಬರೆದುಕೊಂಡು, ಮೂಲೆಯ ನಲ್ಲಿಯಲ್ಲಿ ಸಾವಕಾಶವಾಗಿ ಕೈ ತೊಳೆದು, ಪಕ್ಕದ ಹಾಸಿಗೆಗೆ ಹೋದರು. ಅಣ್ಣನವರು ಮನೆಗೆ ಬಂದದ್ದು ನಲವತ್ತನೆಯ ದಿನ.