ಇಲ್ಲಿಂದ ಅಲ್ಲಿಯವರೆಗೆ: ಮೊದಲೇ ಮಾಡಿಟ್ಟ ಲೆಕ್ಕಗಳು



ಮುಂಗಾರು ಹಿಡಿಯಿತೆಂದರೆ ಮಂಡ್ಯ, ಮೈಸೂರು ಕಡೆಯ ಓದುಗರು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಒಂದು ಪುಟ್ಟ ಚೌಕವನ್ನು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ರಾಜಕೀಯ ಸುದ್ದಿ ಆಮೇಲೆ. ನನ್ನ ಇಂದಿನ ವಿಷಯ ಕಂಪ್ಯೂಟರ್ ವಿಜ್ಞಾನದ್ದಾದರೂ ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಆ ಚೌಕದಲ್ಲೇ ಇದೆ.

ಈ ಅಂಕಿಗಳು ತೊಂಬತ್ತು ವರ್ಷದವು ಒಂದೇ ಸಾಲಿನಲ್ಲಿ ನಮ್ಮ ಕೈಗೆ ಸಿಕ್ಕವು ಎಂದಿಟ್ಟುಕೊಳ್ಳಿ. ನಡುವೆ 22 ಅಧಿಕ ವರ್ಷ ಬಂದರೆ ಒಟ್ಟು 32,872 ದಿನ. ಈ ಸಾಲಿನ ಮೇಲೆ ಜನ ಕೇಳಬಹುದಾದ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಅಚ್ಚಿನವು: ಈ ತಾರೀಖಿನಿಂದ ಆ ತಾರೀಖಿನವರೆಗೆ ಒಟ್ಟು ಎಷ್ಟು ನೀರು ಬಂತು? ಆ ಅವಧಿಯಲ್ಲಿ ಮಟ್ಟ ಅತಿ ಕೆಳಗೆ ಇಳಿದದ್ದು ಎಷ್ಟಕ್ಕೆ? ಸತತವಾಗಿ ಎಷ್ಟು ದಿನ ನೀರು ನೂರು ಅಡಿಯ ಕೆಳಗೇ ಉಳಿಯಿತು? ಎಣಿಸಿ ಹೇಳುವುದು ಕಷ್ಟವೇನಲ್ಲ. ಮೂವತ್ತು ವರ್ಷದ ಅವಧಿಯಾದರೆ ಹನ್ನೊಂದು ಸಾವಿರ ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿದರಾಯಿತು, ಯಂತ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಅಂಥ ಪ್ರಶ್ನೆ ಒಂದು ಲಕ್ಷ ಬಂದರೆ ನೂರ ಹತ್ತು ಕೋಟಿ ಸಲ ಅಂಕಿ ನೋಡಬೇಕಾಗುತ್ತದೆ. ಅದರಲ್ಲಿ ಬಹುಪಾಲು ನಿನ್ನೆ ನೋಡಿದ್ದನ್ನೇ ಇಂದು ಮತ್ತೆ ನೋಡುವ ಕೆಲಸ.

ಹಾಗಾದರೆ ಎಲ್ಲ ಉತ್ತರಗಳನ್ನೂ ಮೊದಲೇ ಬರೆದಿಟ್ಟುಕೊಂಡರೆ? ಆರಂಭದ ದಿನ ಯಾವುದೂ ಆಗಬಹುದು, ಕೊನೆಯ ದಿನ ಯಾವುದೂ ಆಗಬಹುದು. 32,872 ದಿನಗಳಿಗೆ ಇಂಥ ಜೋಡಿಗಳು 54 ಕೋಟಿ ದಾಟುತ್ತವೆ. ಒಂದೊಂದು ಉತ್ತರಕ್ಕೆ ನಾಲ್ಕು ಬೈಟ್ ಕೊಟ್ಟರೂ ಎರಡು ಗಿಗಾಬೈಟ್ ಜಾಗ ಹೋಗುತ್ತದೆ. ಒಂದು ಜಲಾಶಯದ ಒಂದು ಬಗೆಯ ಪ್ರಶ್ನೆಗೆ ಇಷ್ಟು ಖರ್ಚು ಮಾಡುವುದು ದುಂದುಗಾರಿಕೆ. ಏನೂ ಬರೆದಿಡದಿರುವುದಕ್ಕೂ ಎಲ್ಲವನ್ನೂ ಬರೆದಿಡುವುದಕ್ಕೂ ನಡುವೆ ಎಲ್ಲಿ ನಿಲ್ಲಬೇಕು? ಅದನ್ನು ನಿರ್ಧರಿಸುವುದು ಯಂತ್ರದ ವೇಗವಲ್ಲ, ನಾವು ಕೇಳುವ ಪ್ರಶ್ನೆಯ ಸ್ವಭಾವ ಎಂಬುದು ನನ್ನ ವಾದ. ಮೇಲಿನ ಮೂರು ಪ್ರಶ್ನೆಗಳಿಗೆ ಮೂರು ಬೇರೆ ಸ್ವಭಾವಗಳಿವೆ.

ಮೊದಲನೆಯದು ಸುಲಭದ್ದು. ಒಟ್ಟು ಮೊತ್ತಕ್ಕೆ ಆರಂಭದ ದಿನದಿಂದ ಆಯಾ ದಿನದವರೆಗಿನ ಕೂಡಿಕೆಯನ್ನು ಬರೆದಿಟ್ಟರೆ ಸಾಕು. ಜೂನ್ 1ರಿಂದ ಆಗಸ್ಟ್ 31ರವರೆಗೆ ಬಂದ ನೀರೆಷ್ಟು ಎಂದರೆ, ಆಗಸ್ಟ್ 31ರ ಕೂಡಿಕೆಯಲ್ಲಿ ಮೇ 31ರ ಕೂಡಿಕೆಯನ್ನು ಕಳೆಯಿರಿ. ದಿನಕ್ಕೊಂದು ಅಂಕಿ, ಪ್ರಶ್ನೆಗೊಂದು ವ್ಯವಕಲನ. ಕ್ಯುಸೆಕ್‌ನಿಂದ ಟಿಎಂಸಿಗೆ ಬರಬೇಕಾದವರು ಒಂದು ಅಂಕಿ ನೆನಪಿಟ್ಟುಕೊಳ್ಳಿ: ದಿನವಿಡೀ ಸುಮಾರು 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಕಾವೇರಿಯ ಜಗಳವೂ ಈ ಕೂಡಿಕೆಯ ಭಾಷೆಯಲ್ಲೇ ನಡೆಯುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್, ಕರ್ನಾಟಕವು ತಮಿಳುನಾಡಿಗೆ ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಬಿಡಬೇಕು ಎಂದು ಗೊತ್ತುಮಾಡಿತು. ಜೂನ್ 1ರಿಂದ ಇಲ್ಲಿಯವರೆಗೆ ಎಷ್ಟು ಹರಿದಿದೆ ಎಂಬ ಅಂಕಿಯನ್ನು ಹಿಡಿದೇ ಎರಡೂ ಕಡೆಯವರು ಮಾತಾಡುತ್ತಾರೆ.

ಇದು ಹೊಸ ಜಾಣ್ಮೆಯೇನಲ್ಲ. 499ರ ಆರ್ಯಭಟೀಯದಲ್ಲಿ ಜ್ಯಾಗಳ, ಅಂದರೆ ಸೈನ್‌ಗಳ, ಕೋಷ್ಟಕವಿದೆ. ಅದರಲ್ಲಿರುವುದು ಜ್ಯಾಗಳಲ್ಲ, ಒಂದು ಜ್ಯಾದಿಂದ ಮುಂದಿನದಕ್ಕೆ ಇರುವ ಅಂತರಗಳು: 225, 224, 222 ಎಂದು ಶುರುವಾಗಿ 22, 7 ಎಂದು ಮುಗಿಯುವ ಇಪ್ಪತ್ತನಾಲ್ಕು ಸಂಖ್ಯೆಗಳು. ಮೊದಲಿನಿಂದ ಕೂಡುತ್ತ ಹೋದರೆ ಬೇಕಾದ ಜ್ಯಾ ಸಿಗುತ್ತದೆ, ಎಲ್ಲವನ್ನೂ ಕೂಡಿದರೆ ತ್ರಿಜ್ಯ 3438. ಸಣ್ಣ ಸಂಖ್ಯೆಗಳಾದ್ದರಿಂದ ಅಷ್ಟೂ ಒಂದೇ ಪದ್ಯದಲ್ಲಿ ಹಿಡಿದವು. ಆರ್ಯಭಟ ಅಂತರಗಳನ್ನು ಕೊಟ್ಟು ಕೂಡುವ ಕೆಲಸವನ್ನು ಓದುಗನಿಗೆ ಬಿಟ್ಟ, ನಾವು ಕೂಡಿಕೆಗಳನ್ನು ಇಟ್ಟುಕೊಂಡು ಕಳೆಯುವ ಕೆಲಸವನ್ನು ಆಮೇಲಕ್ಕೆ ಬಿಡುತ್ತೇವೆ. ಬಾಯಿಪಾಠಕ್ಕೆ ಅವನದು ಅನುಕೂಲ, ಯಂತ್ರಕ್ಕೆ ನಮ್ಮದು.

ಇದೇ ಉಪಾಯವನ್ನು ಫ್ರಾಂಕ್ಲಿನ್ ಕ್ರೋ 1984ರಲ್ಲಿ ಚಿತ್ರಗಳಿಗೆ ಹಚ್ಚಿದರು. ಚಿತ್ರದ ಮೂಲೆಯಿಂದ ಪ್ರತಿ ಚುಕ್ಕಿಯವರೆಗಿನ ಆಯತದ ಕೂಡಿಕೆ ಬರೆದಿಟ್ಟರೆ ಒಳಗಿನ ಯಾವ ಆಯತದ ಮೊತ್ತಕ್ಕೂ ನಾಲ್ಕೇ ಅಂಕಿ ನೋಡಿದರಾಯಿತು. 2001ರಲ್ಲಿ ವಿಯೋಲಾ ಮತ್ತು ಜೋನ್ಸ್ ಇದರ ಬಲದಿಂದಲೇ ಚಿತ್ರದಲ್ಲಿ ಮುಖ ಹುಡುಕುವ ಕೆಲಸವನ್ನು ಕಣ್ಣೆದುರಿನ ವೇಗಕ್ಕೆ ತಂದರು.

ಈಗ ಎರಡನೆಯ ಪ್ರಶ್ನೆ. ಕನಿಷ್ಠ ಮಟ್ಟಕ್ಕೂ ಆರಂಭದಿಂದ ಇಲ್ಲಿಯವರೆಗಿನ ಕನಿಷ್ಠ ಎಂದು ಬರೆದಿಡಬಹುದಲ್ಲ ಎನ್ನುವಿರಿ. ಬರೆದಿಡಬಹುದು, ಆದರೆ ಪ್ರಯೋಜನವಿಲ್ಲ. ಮೊದಲ ವರ್ಷವೇ ಬರಗಾಲ ಬಂದು ಮಟ್ಟ ಪಾತಾಳ ಕಂಡಿದ್ದರೆ ಮುಂದಿನ ಎಂಬತ್ತೊಂಬತ್ತು ವರ್ಷವೂ ಆ ಒಂದೇ ಅಂಕಿ ಕೂತಿರುತ್ತದೆ. ಅದನ್ನು ಕಳೆದು ತೆಗೆಯುವ ದಾರಿ ಇಲ್ಲ. ಕೂಡಿದ್ದನ್ನು ಕಳೆಯಬಹುದು, ಕನಿಷ್ಠದೊಳಗೆ ಸೇರಿಹೋದದ್ದನ್ನು ವಾಪಸು ಪಡೆಯಲಾಗದು.

ಆದರೆ ಕನಿಷ್ಠಕ್ಕೆ ಇನ್ನೊಂದು ಗುಣವಿದೆ, ಮೊತ್ತಕ್ಕೆ ಅದಿಲ್ಲ. ಒಂದೇ ದಿನವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದರೂ ಕನಿಷ್ಠ ಕೆಡುವುದಿಲ್ಲ. ಸ್ಪಾರ್ಸ್ ಟೇಬಲ್ ಎಂಬ ಕೋಷ್ಟಕ ನಿಂತಿರುವುದು ಈ ಒಂದು ಗುಣದ ಮೇಲೆ. ಹತ್ತು ದಿನದ ಊಹೆಯ ಮಟ್ಟಗಳನ್ನು ತೆಗೆದುಕೊಳ್ಳೋಣ, ಅಡಿಗಳಲ್ಲಿ: 98, 97, 99, 103, 101, 96, 100, 104, 107, 105. ಮೊದಲ ಸಾಲಿನಲ್ಲಿ ಇವನ್ನು ಇದ್ದ ಹಾಗೆಯೇ ಬರೆಯಿರಿ. ಎರಡನೆಯ ಸಾಲಿನಲ್ಲಿ ಪ್ರತಿ ದಿನದಿಂದ ಶುರುವಾಗುವ ಎರಡು ದಿನಗಳ ಕನಿಷ್ಠ. ಮೂರನೆಯದರಲ್ಲಿ ನಾಲ್ಕು ದಿನಗಳದು: 97, 97, 96, 96, 96, 96, 100. ನಾಲ್ಕನೆಯದರಲ್ಲಿ ಎಂಟು ದಿನಗಳದು, ಅವು ಮೂರೇ, ಮೂರೂ 96. ಹೊಸ ಸಾಲಿಗೆ ಮೂಲ ಅಂಕಿಗಳ ಹತ್ತಿರ ಹೋಗುವ ಗೊಡವೆಯಿಲ್ಲ. ಎರಡನೆಯ ದಿನದಿಂದ ನಾಲ್ಕು ದಿನದ ಕನಿಷ್ಠ ಬೇಕೆಂದರೆ, ಎರಡನೆಯ ದಿನದ ಜೋಡಿಯ ಉತ್ತರವನ್ನೂ ನಾಲ್ಕನೆಯ ದಿನದ ಜೋಡಿಯ ಉತ್ತರವನ್ನೂ ಹೋಲಿಸಿ ಚಿಕ್ಕದನ್ನು ಬರೆದರಾಯಿತು. ಒಂದು ಮನೆ ತುಂಬಲು ಒಂದೇ ಹೋಲಿಕೆ.

ಈಗ ಎರಡನೆಯ ದಿನದಿಂದ ಏಳನೆಯ ದಿನದವರೆಗಿನ ಕನಿಷ್ಠ ಎಷ್ಟು? ಆರು ದಿನದ ಅವಧಿ. ಆರರೊಳಗೆ ಹಿಡಿಯುವ ಅತಿ ದೊಡ್ಡ ತುಂಡು ನಾಲ್ಕರದು. ಎಡತುದಿಗೆ ಒತ್ತಿ ಒಂದು ತುಂಡು ಇಡಿ: ಎರಡರಿಂದ ಐದು, ಕನಿಷ್ಠ 97. ಬಲತುದಿಗೆ ಒತ್ತಿ ಇನ್ನೊಂದು: ನಾಲ್ಕರಿಂದ ಏಳು, ಕನಿಷ್ಠ 96. ಉತ್ತರ 96. ನಾಲ್ಕು ಮತ್ತು ಐದನೆಯ ದಿನಗಳು ಎರಡು ತುಂಡಿನಲ್ಲೂ ಬಂದಿವೆ, ಬರಲಿ. ಅವಧಿ ಎಷ್ಟೇ ಉದ್ದವಿರಲಿ, ಅದರೊಳಗೆ ಹಿಡಿಯುವ ಎರಡರ ಅತಿ ದೊಡ್ಡ ಘಾತ ಅದರ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ಎರಡು ತುಂಡುಗಳು ಇಡೀ ಅವಧಿಯನ್ನು ಮುಚ್ಚದೆ ಬಿಡುವುದಿಲ್ಲ. ಮೂರು ದಿನಕ್ಕೂ ಅಷ್ಟೇ, ಮೂವತ್ತು ವರ್ಷಕ್ಕೂ ಅಷ್ಟೇ: ಎರಡು ಮನೆ ನೋಡು, ಒಂದು ಸಲ ಹೋಲಿಸು.

ಖರ್ಚೆಷ್ಟು? ನಮ್ಮ ತೊಂಬತ್ತು ವರ್ಷಕ್ಕೆ ಒಂದರಿಂದ 32,768ರವರೆಗೆ ಹದಿನಾರು ಸಾಲು, ಒಟ್ಟು 4,60,433 ಮನೆಗಳು. 54 ಕೋಟಿಯ ಜಾಗದಲ್ಲಿ ನಾಲ್ಕೂವರೆ ಲಕ್ಷ ಚಿಲ್ಲರೆ, ಎರಡು ಮೆಗಾಬೈಟ್‌ಗೂ ಒಳಗೆ. ಈ ಲೆಕ್ಕ ನನಗೆ ಇಂದಿಗೂ ಹಿಡಿಸುತ್ತದೆ. ಎರಡು ಪಟ್ಟು ದಿನಗಳಾದರೆ ಒಂದೇ ಒಂದು ಸಾಲು ಹೆಚ್ಚುತ್ತದೆ. ಗರಿಷ್ಠಕ್ಕೂ ಮಹತ್ತಮ ಸಾಮಾನ್ಯ ಅಪವರ್ತಕಕ್ಕೂ ಇದೇ ಕೋಷ್ಟಕ ನಡೆಯುತ್ತದೆ. ಮೊತ್ತಕ್ಕೆ ನಡೆಯದು, ಏಕೆಂದರೆ ನಾಲ್ಕು, ಐದನೆಯ ದಿನಗಳ ನೀರು ಎರಡು ಸಲ ಜಮೆಯಾಗಿಬಿಡುತ್ತದೆ.

ಜಲಾಶಯದಿಂದ ತುಸು ದೂರ ಹೋಗಿ ಇನ್ನೊಂದು ಉಪಯೋಗ ಹೇಳಬೇಕು. ವಂಶವೃಕ್ಷದಲ್ಲಿ ಇಬ್ಬರು ದಾಯಾದಿಗಳಿಗೆ ಅತಿ ಹತ್ತಿರದ ಸಮಾನ ಪೂರ್ವಜ ಯಾರು? ಮೂಲಪುರುಷನಿಂದ ಹೊರಟು ಪ್ರತಿ ಕವಲಿಗೂ ಇಳಿದು ಹತ್ತಿ ಬರುತ್ತ, ದಾರಿಯಲ್ಲಿ ಸಿಕ್ಕವರ ಹೆಸರನ್ನೂ ತಲೆಮಾರಿನ ಸಂಖ್ಯೆಯನ್ನೂ ಸಾಲಾಗಿ ಬರೆಯಿರಿ. ಇಬ್ಬರ ಹೆಸರುಗಳ ನಡುವೆ ಅತಿ ಚಿಕ್ಕ ತಲೆಮಾರು ಯಾರದೋ ಅವರೇ ಉತ್ತರ. ಮರದ ಪ್ರಶ್ನೆ ಸಾಲಿನ ಕನಿಷ್ಠದ ಪ್ರಶ್ನೆಯಾಯಿತು. ಹ್ಯಾರೆಲ್ ಮತ್ತು ಟಾರ್ಜನ್ 1984ರಲ್ಲೇ ಇದಕ್ಕೆ ಅತ್ಯುತ್ತಮ ವೇಗದ ಪರಿಹಾರ ಕೊಟ್ಟಿದ್ದರು, ಆದರೆ ಅದನ್ನು ಪ್ರೋಗ್ರಾಮಿಗೆ ಇಳಿಸುವುದು ಪಂಡಿತರಿಗೂ ತಲೆನೋವಾಗಿತ್ತು. 2000ದಲ್ಲಿ ಬೆಂಡರ್ ಮತ್ತು ಫರಾಕ್-ಕೋಲ್ಟನ್ ಈ ಕೋಷ್ಟಕವನ್ನೇ ಮೆಟ್ಟಿಲು ಮಾಡಿಕೊಂಡು ಅದೇ ವೇಗವನ್ನು ಸರಳವಾಗಿ ಸಾಧಿಸಿದರು. ವಿದ್ಯಾರ್ಥಿಗಳು ಮೊದಲು ಓದಬೇಕಾದದ್ದು ಇದನ್ನು, 1984ರದನ್ನಲ್ಲ ಎಂದೇ ನನ್ನ ಅಭಿಪ್ರಾಯ.

ಒಂದು ಆಕ್ಷೇಪಣೆ ಬಂದೇ ಬರುತ್ತದೆ: ನಾಳೆ ಹೊಸ ಮಟ್ಟ ಬಂದರೆ ಏನು ಗತಿ? ಪ್ರತಿ ತುಂಡನ್ನೂ ಅದು ಶುರುವಾಗುವ ದಿನದ ಹೆಸರಲ್ಲಿ ಇಡುವ ಬದಲು ಮುಗಿಯುವ ದಿನದ ಹೆಸರಲ್ಲಿ ಇಟ್ಟರೆ, ಹೊಸ ದಿನಕ್ಕೆ ಹೆಚ್ಚೆಂದರೆ ಹದಿನಾರು ಮನೆ ತುಂಬಿದರಾಯಿತು, ಹಳೆಯದನ್ನು ಮುಟ್ಟಬೇಕಿಲ್ಲ. ತೊಂದರೆ ಇರುವುದು ತಿದ್ದುಪಡಿಯಲ್ಲಿ. ಹಳೆಯ ಲೆಡ್ಜರಿನ ಒಂದು 96, ವಾಸ್ತವದಲ್ಲಿ 99 ಎಂದು ಗೊತ್ತಾದರೆ, ಆ ದಿನವನ್ನು ಒಳಗೊಂಡ ಸಾವಿರಾರು ಮನೆಗಳನ್ನು ಮತ್ತೆ ನೋಡಬೇಕು. ತಿದ್ದುಪಡಿ ದಿನನಿತ್ಯದ್ದಾದರೆ ಸೆಗ್ಮೆಂಟ್ ಟ್ರೀ ಎಂಬ ಮರದ ರಚನೆ ಮೇಲು. ಮೊತ್ತದ ಪ್ರಶ್ನೆಯಾದರೆ ಪೀಟರ್ ಫೆನ್ವಿಕ್ 1994ರಲ್ಲಿ ಪ್ರಕಟಿಸಿದ ಮರವೂ ಇದೆ. ಅವುಗಳಲ್ಲಿ ಉತ್ತರ ಒಂದೇ ಹೆಜ್ಜೆಗೆ ಸಿಗುವುದಿಲ್ಲ, ಹದಿನೈದು ಹದಿನಾರು ಹೆಜ್ಜೆ ಬೇಕು. ಆದರೆ ತಿದ್ದುವುದೂ ಅಷ್ಟರಲ್ಲೇ ಮುಗಿಯುತ್ತದೆ.

ಉಳಿದದ್ದು ಮೂರನೆಯ ಪ್ರಶ್ನೆ: ಸತತವಾಗಿ ಎಷ್ಟು ದಿನ ನೂರು ಅಡಿಯ ಕೆಳಗೆ? ಇದು ಮೊಂಡು ಪ್ರಶ್ನೆ. ಇದನ್ನು ಕಳೆದು ತೆಗೆಯಲಾಗದು, ತುಂಡುಗಳನ್ನು ಒಂದರ ಮೇಲೊಂದು ಹಾಯಿಸಿದರೆ ಒಂದೇ ದಿನ ಎರಡು ಸಲ ಎಣಿಕೆಯಾಗುತ್ತದೆ. ಇದಕ್ಕಿರುವುದು ಒಂದೇ ಒಳ್ಳೆಯ ಗುಣ: ಪಕ್ಕಪಕ್ಕದ ಎರಡು ತುಂಡುಗಳ ಉತ್ತರವನ್ನು ಬೆಸೆಯಬಹುದು. ಪ್ರತಿ ತುಂಡಿಗೂ ನಾಲ್ಕು ಅಂಕಿ ಇಟ್ಟುಕೊಳ್ಳಿ: ಅದರ ಉದ್ದ, ಎಡತುದಿಗೆ ತಾಗಿದ ಸತತ ದಿನಗಳು, ಬಲತುದಿಗೆ ತಾಗಿದವು, ಒಳಗಿನ ಅತಿ ದೊಡ್ಡ ಸರಣಿ. ಎರಡು ತುಂಡು ಸೇರಿದಾಗ ಎಡದ ತುಂಡಿನ ಬಲತುದಿಯೂ ಬಲದ ತುಂಡಿನ ಎಡತುದಿಯೂ ಕೂಡಿ ಹೊಸ ಸರಣಿಯಾದೀತು, ಅಷ್ಟನ್ನು ನೋಡಿದರೆ ಸಾಕು.

ಇಂಥದ್ದಕ್ಕೆ ಕೋಷ್ಟಕವನ್ನು ಬೇರೆ ರೀತಿ ಕಟ್ಟುತ್ತಾರೆ. ಸಾಲಿನ ಉದ್ದವನ್ನು ಮುಂದಿನ ಎರಡರ ಘಾತಕ್ಕೆ ಹಿಗ್ಗಿಸಿಕೊಂಡು, ಅದರ ನಡುವೆ ಒಂದು ಗೆರೆ ಎಳೆದು, ಗೆರೆಯಿಂದ ಎಡಕ್ಕೂ ಬಲಕ್ಕೂ ಹೆಜ್ಜೆಹೆಜ್ಜೆಗೆ ಬೆಸೆದ ಉತ್ತರಗಳನ್ನು ಬರೆಯುವುದು. ಆಮೇಲೆ ಅರ್ಧಗಳಿಗೆ, ಕಾಲುಗಳಿಗೆ, ಹೀಗೆ ಕೆಳಗಿನವರೆಗೂ ಅದೇ ಕೆಲಸ. ಒಂದಕ್ಕಿಂತ ಹೆಚ್ಚು ದಿನದ ಯಾವ ಅವಧಿ ಕೊಟ್ಟರೂ ಅದನ್ನು ಮೊದಲು ಸೀಳುವ ಗೆರೆ ಒಂದೇ. ಅದರ ಎಡದ ಉತ್ತರ, ಬಲದ ಉತ್ತರ, ಎರಡೂ ಸಿದ್ಧವಾಗಿವೆ, ಒಂದು ಸಲ ಬೆಸೆದರೆ ಮುಗಿಯಿತು. ಯಾವ ಗೆರೆ ಎಂಬುದನ್ನು ಹುಡುಕುವ ಅಗತ್ಯವೂ ಇಲ್ಲ. ದಿನಗಳನ್ನು ಸೊನ್ನೆಯಿಂದ ಎಣಿಸಿ, ಎರಡು ತುದಿಗಳ ಸಂಖ್ಯೆಗಳನ್ನು ದ್ವಿಮಾನದಲ್ಲಿ ಬರೆದು, ಎಡದಿಂದ ಮೊದಲು ಎಲ್ಲಿ ಬೇರೆಯಾಗುತ್ತವೆಯೋ ನೋಡಿ, ಆ ಸ್ಥಾನವೇ ಸಾಲನ್ನು ಹೇಳುತ್ತದೆ. ನಮ್ಮ ಎರಡರಿಂದ ಏಳನೆಯ ದಿನ ಈಗ 1 ಮತ್ತು 6, ಅಂದರೆ 001 ಮತ್ತು 110. ಮೊದಲ ಅಂಕೆಯಲ್ಲೇ ಬೇರೆ, ಹಾಗಾಗಿ ಗೆರೆ ನಾಲ್ಕು ಮತ್ತು ಐದನೆಯ ದಿನಗಳ ನಡುವೆ. ಎಡದಲ್ಲಿ 97, 99, 103: ಸತತ ಎರಡು ದಿನ, ಗೆರೆಗೆ ತಾಗಿದ್ದು ಸೊನ್ನೆ. ಬಲದಲ್ಲಿ 101, 96, 100: ಒಂದು ದಿನ. ಉತ್ತರ ಎರಡು ದಿನ.