ಕೋಲಿಗೆ ಕೈಯಾಸರೆ



ಸೇತುವೆ ಎಂದೊಡನೆ ಗೋಕಾಕದ ಸುತ್ತಿನವರಿಗೆ ಘಟಪ್ರಭೆಯ ಮೇಲಿನ ತೂಗುಸೇತುವೆ ನೆನಪಾಗುವುದು ಸಹಜ. ನಾನು ಈ ಹೊತ್ತು ಹೇಳಹೊರಟಿರುವುದು ಐದೇ ಬೆರಳುಗಳಿಂದ ಕಟ್ಟುವ ಒಂದು ಸೇತುವೆಯನ್ನು ಕುರಿತು. ಪೂಲ್ ಆಟದಲ್ಲಿ ಒಂದು ಕೈ ಕೋಲನ್ನು ನೂಕುತ್ತದೆ. ಇನ್ನೊಂದು ಕೈ ಮೇಜಿನ ಮೇಲೆ ಊರಿ ಅದಕ್ಕೆ ದಾರಿ ತೋರುತ್ತದೆ. ಈ ಕೈಯ ಭಂಗಿಗೆ ಆಟಗಾರರು ಬ್ರಿಜ್ ಎನ್ನುವರು. ನಾವು ಕೈಯಾಸರೆ ಎನ್ನೋಣ.

ಕನ್ನಡ ಪಾಠ ಹೇಳುವವನಿಗೆ ಈ ಆಟದ ಗೊಡವೆ ಏಕೆಂದು ಕೇಳುವಿರಿ. ಕಾರಣ, ಒಬ್ಬ ಹಳೆಯ ಶಿಷ್ಯ. ಹುಕ್ಕೇರಿಯಲ್ಲಿ ನನ್ನ ಬಳಿ ಓದಿದವನು, ಈಗ ಮೂಡಲಗಿಯಲ್ಲಿ ತಂದೆಯ ಕಿರಾಣಿ ಅಂಗಡಿಯಲ್ಲಿ ಕೂಡುತ್ತಾನೆ. "ಸಂಜೀ ಆತಂದ್ರ ಗೋಕಾಕಕ್ಕ ಓಡ್ತಾನ್ರೀ. ನೀವಾದ್ರೂ ನಾಕು ಮಾತ ಹೇಳ್ರಿ" ಎಂದು ತಂದೆ ಬಂದು ಕಣ್ಣೀರು ತೆಗೆದರು. ಬೈಯಲೆಂದೇ ಹೋದ ನಾನು, ಮೂಲೆಯಲ್ಲಿ ಕುಳಿತು ಮೊದಲು ನೋಡಿದೆ.

ಹುಡುಗನು ತೋರುಬೆರಳನ್ನು ಕೋಲಿನ ಮೇಲೆ ಬಳಸಿ, ಹೆಬ್ಬೆರಳಿಗೆ ಕೂಡಿಸಿ ಉಂಗುರ ಮಾಡಿದ್ದ. ಇದು ಮುಚ್ಚಿದ ಆಸರೆ. ಕೈ ಬೆವರಿ ಕೋಲು ಉಂಗುರದಲ್ಲಿ ತಡೆಯುತ್ತಿತ್ತು. ಹತ್ತಿರದ ಚೆಂಡೂ ತಪ್ಪುತ್ತಿತ್ತು. ಜೊತೆಯವನೊಬ್ಬ ಅಂಗೈಯೂರಿ, ಬೆರಳು ಹರವಿ, ಹೆಬ್ಬೆರಳಿನ ಬದಿಯ ಸಂದಿನಲ್ಲಿ ಕೋಲನ್ನು ಬರಿದೆ ಜಾರಿಸುತ್ತಿದ್ದ. ಇದು ತೆರೆದ ಆಸರೆ.

"ನೀನೂ ಹಂಗ ಹೊಡಿಯೋ ತಮ್ಮಾ" ಎಂದೆ.

"ಹಂಗ ಹೊಡದ್ರ 'ಈಗ ಕಲ್ಯಾಕತ್ತಾನ' ಅಂತ ನಗತಾರ್ರೀ ಸರ" ಎಂದ.

ಬಲ್ಲವರನ್ನು ವಿಚಾರಿಸಿದೆ. ನಗುವವರೇ ತಪ್ಪಿದ್ದರು. ಪೂಲ್‌ನ ಸೋದರ ಆಟವಾದ ಸ್ನೂಕರ್ 1875ರಲ್ಲಿ ನಮ್ಮ ದೇಶದ ಜಬಲ್ಪುರದಲ್ಲಿ, ಸೈನ್ಯದ ಅಧಿಕಾರಿಗಳ ನಡುವೆ ಹುಟ್ಟಿತು. ಬೆಂಗಳೂರಿನ ಪಂಕಜ್ ಅಡ್ವಾಣಿಯವರು 2003ರಲ್ಲಿ ಹವ್ಯಾಸಿಗಳ ವಿಶ್ವಪ್ರಶಸ್ತಿ ಗೆದ್ದುದು ಈ ಆಟದಲ್ಲಿಯೇ. ಇದರ ನಿಪುಣರು ಬಹುಮಟ್ಟಿಗೆ ತೆರೆದ ಆಸರೆಯನ್ನೇ ನಂಬಿದವರು. ಸ್ನೂಕರ್ ಕೋಲು ತುದಿಯಿಂದ ಹಿಂದಕ್ಕೆ ಕ್ರಮವಾಗಿ ದಪ್ಪವಾಗುತ್ತ ಹೋಗುವುದರಿಂದ ಉಂಗುರದಲ್ಲಿ ಬಿಗಿಯಾದೀತು. ಪೂಲ್ ಕೋಲಿನ ಮುಂಭಾಗವೋ ಸುಮಾರು ಒಂದಡಿಯಷ್ಟು ಸಮದಪ್ಪವಾಗಿರುವುದುಂಟು. ಅಲ್ಲಿ ಉಂಗುರಕ್ಕೆ ಎಡೆಯಿದೆ.

ಹಾಗಾದರೆ ಆರಿಸುವುದು ಹೇಗೆ? ಹೊಡೆತವನ್ನೇ ಕೇಳಬೇಕು. ಮೆಲ್ಲನೆಯ ಹೊಡೆತಕ್ಕೂ ದೂರದ ಗುರಿಗೂ ತೆರೆದ ಆಸರೆ ಲೇಸು; ಕಣ್ಣಿಗೂ ಗುರಿಗೂ ನಡುವೆ ಬೆರಳು ಅಡ್ಡಬಾರದು. ಬಿಳಿ ಚೆಂಡಿನ ಹಿಂದೆ ಬೇರೊಂದು ಚೆಂಡು ಅಡ್ಡವಿದ್ದರೆ, ಬೆರಳ ತುದಿಯ ಮೇಲೆ ಕೈಯೆತ್ತಿ ತೆರೆದೇ ಹೊಡೆಯಬೇಕು. ಚೆಂಡುಗಳ ಗುಂಪನ್ನು ಒಡೆಯುವಾಗ, ಅಥವಾ ಬಿಳಿ ಚೆಂಡು ತಾಗಿದ ಮೇಲೆ ಹಿಂದಕ್ಕೆ ಉರುಳಿ ಬರಲೆಂದು ಅದರ ಕೆಳಭಾಗಕ್ಕೆ ಬಲವಾಗಿ ಹೊಡೆಯುವಾಗ, ಕೋಲು ಮೇಲಕ್ಕೆ ನೆಗೆಯದಂತೆ ಉಂಗುರ ಕಾಯುತ್ತದೆ. ಆದರೆ ಉಂಗುರ ಕೋಲನ್ನು ಸುತ್ತಬೇಕೇ ಹೊರತು ಹಿಸುಕಬಾರದು. ಎರಡರಲ್ಲಿಯೂ ಮೇಜಿಗೆ ಊರಿದ ಕೈ ಅಲುಗಬಾರದು.

ಇಷ್ಟು ಹೇಳಿದಾಗ ಹುಡುಗ ನಕ್ಕು ತನ್ನ ಬೆರಳು ತೋರಿಸಿದ. ಅವನು ಎಂಟನೆಯ ತರಗತಿಯಲ್ಲಿದ್ದಾಗ ಲೇಖನಿ ಹಿಡಿಯುವ ರೀತಿ ನನಗೆ ಒಪ್ಪಿಗೆಯಾಗಿರಲಿಲ್ಲ. ಅಕ್ಷರ ದುಂಡಗೇ ಇತ್ತು. ಆದರೂ ಹಿಡಿತ ನನ್ನಂತಿಲ್ಲವೆಂದು ಆ ಬೆರಳಿನ ಮೇಲೆ ಪಟ್ಟಿಯಿಂದ ಹೊಡೆದಿದ್ದೆ. ಅವನಿಗೆ ನೆನಪಿತ್ತು, ನಾನು ಮರೆತಿದ್ದೆ. ಕೈಯ ಚಂದವನ್ನು ಕೆಲಸಕ್ಕಿಂತ ಮೊದಲು ನೋಡುವ ಪಾಠವನ್ನು ಆ ಹುಡುಗನಿಗೆ ಕಲಿಸಿದವರಲ್ಲಿ ನಾನೂ ಒಬ್ಬನಲ್ಲವೆ? ಬೈಯಲು ಬಾಯಿ ಬರಲಿಲ್ಲ.

ತಂದೆಗೂ ಮಗನಿಗೂ ಒಂದು ಒಪ್ಪಂದ ಮಾಡಿಸಿದೆ. ವಾರವೆಲ್ಲ ಅಂಗಡಿಯ ಲೆಕ್ಕ ಚೊಕ್ಕವಾಗಿರಬೇಕು. ರವಿವಾರ ಸಂಜೆ ಎರಡು ತಾಸು ಆಟ. ಹಣ ಕಟ್ಟಿ ಆಡುವುದು ಕೂಡದು. ಹುಡುಗ ಈಗ ನಗುವವರ ಎದುರಿನಲ್ಲಿಯೇ ಬೆರಳು ಬಿಚ್ಚಿ ಆಡುತ್ತಾನೆ. ಬೇಕಾದಲ್ಲಿ ಮಾತ್ರ ಮುಚ್ಚುತ್ತಾನೆ. ತರಗತಿಯಲ್ಲಿ ನಾನು ಮೊದಲು ಅಕ್ಷರ ನೋಡುತ್ತೇನೆ, ಬೆರಳನ್ನು ಆಮೇಲೆ.